ಕೆರೆಯ ಕರ್ತೃವಾರು?

ಕನ್ನಡದಲ್ಲಿ ಕೆರೆಕಟ್ಟೆಗಳನ್ನು ಕುರಿತ ಸಾಹಿತ್ಯವನ್ನು ವಿಮರ್ಶಿಸುವವರು ಒಂದು ಮಾತನ್ನು ಪರೀಕ್ಷಿಸದೆಯೇ ಅಂಗೀಕರಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಪೂರ್ವಕಾಲದಲ್ಲಿ ಊರವರು ತಮ್ಮ ಕೆರೆಯನ್ನು ತಾವೇ, ಪ್ರತಿಫಲಾಪೇಕ್ಷೆಯಿಲ್ಲದೆ, ಕೇವಲ ಧರ್ಮಬುದ್ಧಿಯಿಂದ ಕಟ್ಟಿ ಕಾಪಾಡುತ್ತಿದ್ದರು. ಸಂಬಳದ ಅಧಿಕಾರಿಗಳೂ ಗುತ್ತಿಗೆದಾರರೂ ಬಂದ ತರುವಾಯ ಕೆರೆಗಳು ಹೂಳು ತುಂಬಿ ಕೆಟ್ಟುಹೋದುವು ಎಂಬುದೇ ಆ ಮಾತು. ಇದಕ್ಕೆ ಪ್ರಮಾಣವಾಗಿ ಶಾಸನಗಳನ್ನೂ ಸಿದ್ಧರಾಮನ ಚರಿತೆಯನ್ನೂ ‘ಕೆರೆಗೆ ಹಾರ’ವೆಂಬ ಜನಪದ ಕಥನಗೀತವನ್ನೂ ಎತ್ತಿ ತೋರಿಸುವುದುಂಟು. ಈ ಮಾತು ಸಾಹಿತ್ಯದ ಪುಟಗಳಲ್ಲಿಯೇ ಉಳಿದಿದ್ದರೆ ಅದರಿಂದ ಹೆಚ್ಚಿನ ಹಾನಿಯೇನೂ ಇರುತ್ತಿರಲಿಲ್ಲ. ಆದರೆ ಊರ ಕೆಲಸವನ್ನು ಊರವರ ಸೇವೆಯಿಂದ ನಡೆಸಬೇಕೋ ವೇತನ ಪಡೆವ ನಿಪುಣರಿಂದ ನಡೆಸಬೇಕೋ ಎಂಬ ಚರ್ಚೆ ಬಂದಾಗಲೆಲ್ಲ ಇದೇ ಮಾತು ಸಾಕ್ಷಿಯ ಕಟ್ಟೆಯನ್ನು ಏರುವುದರಿಂದ, ಆ ಗ್ರಂಥಗಳು ನಿಜವಾಗಿ ಏನನ್ನು ಹೇಳುತ್ತಿರುವುವೆಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ.

ವಿಚಾರಕ್ಕೆ ಹಾನಗಲ್ ಸೀಮೆಗಿಂತ ತಕ್ಕ ನೆಲ ದೊರೆಯುವುದು ಕಷ್ಟ. ಮಲೆನಾಡಿನ ಸೆರಗೂ ಬಯಲುನಾಡಿನ ಅಂಚೂ ಕೂಡುವ ಈ ಪ್ರದೇಶದಲ್ಲಿ ಬತ್ತದ ಬೇಸಾಯಕ್ಕೆ ಕೆರೆಯೇ ಜೀವನ. ಶಾಸನಗಳಲ್ಲಿ ಪಾನುಂಗಲ್ ಎಂದೂ ವಿರಾಟನಕೋಟೆಯೆಂದೂ ಕರೆಯಲ್ಪಟ್ಟಿರುವ ಈ ಪಟ್ಟಣವು ಪಾನುಂಗಲ್ಲು ಐನೂರರ ರಾಜಧಾನಿಯಾಗಿದ್ದು, ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದ ಕದಂಬರ ಶಾಖೆಯೊಂದು ಇಲ್ಲಿಂದ ಆಳಿತು. ಊರಿನ ಪಶ್ಚಿಮಕ್ಕಿರುವ ಆನೆಕೆರೆ ಅಂದಿಗಾಗಲೇ ಪ್ರಸಿದ್ಧವಾಗಿದ್ದಿತು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಪಾನುಂಗಲ್ಲನ್ನು ಮುತ್ತಿದಾಗ ಬೀಡು ಬಿಟ್ಟುದು ಈ ಕೆರೆಯ ಬಳಿಯಲ್ಲಿಯೇ ಎಂದು ವೀರಗಲ್ಲು ಹೇಳುತ್ತದೆ. ಕದಂಬ ಕಾಮದೇವನ ಸೇನೆ ಆ ಸಲಕ್ಕೆ ಅವನನ್ನು ಹಿಮ್ಮೆಟ್ಟಿಸಿತು. ತೆಂಕಣಕ್ಕೆ ಹೋದರೆ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಹಿರೇಕೆರೂರು. ಅದರಾಚೆ ಮಾಸೂರಿನ ಬಳಿ, ಕುಮುದ್ವತಿಯ ನೀರನ್ನು ಎರಡು ಗುಡ್ಡಗಳ ನಡುವೆ ತಡೆದ ಮದಗದ ಕೆರೆ. ಅದರ ಮಹಾ ಏರಿ ಯಾವಾಗಲೋ ಒಡೆದುಹೋಯಿತು. ಬ್ರಿಟಿಷರ ಆಡಳಿತದಲ್ಲಿ ಅದನ್ನು ಕಿರಿದುಗೊಳಿಸಿ ಮತ್ತೆ ನೀರು ನಿಲ್ಲುವಂತೆ ಮಾಡಲಾಯಿತು. ಅಳಿದುಳಿದ ಹಳೆಯ ಏರಿಯ ಗಾತ್ರವನ್ನು ನೋಡಿದ ಯಾರಿಗಾದರೂ, ಇದು ಬಿಡುವಿದ್ದಾಗ ಬಂದು ನಾಲ್ಕು ಬುಟ್ಟಿ ಮಣ್ಣು ಹೊತ್ತುಹೋದವರ ಕೆಲಸವಲ್ಲವೆಂದು ಹೊಳೆಯದೆ ಇರದು.

ಇನ್ನು ಶಾಸನಗಳ ಮಾತು. ಶಾಸನಗಳಲ್ಲಿ ಕೆರೆಯೊಡನೆ ಬರುವ ಕ್ರಿಯಾಪದ ಸಾಮಾನ್ಯವಾಗಿ ಒಂದೇ: ‘ಕಟ್ಟಿಸಿದಂ’. ‘ಕಟ್ಟಿದಂ’ ಎಂಬುದು ವಿರಳ. 15ನೆಯ ಶತಮಾನದ ಲಕ್ಷ್ಮೀಧರಾಮಾತ್ಯನ ಹಂಪೆಯ ಶಾಸನದಲ್ಲಿ ತಾಯಿ ಹಸುಗೂಸಿಗೆ ಹಾಲೂಡಿಸುವಾಗ ಕಿವಿಯಲ್ಲಿ ಹೇಳಿದ ಹಿತೋಪದೇಶವನ್ನು ಪಾಠಪುಸ್ತಕಗಳ ಮೂಲಕ ಅರಿಯದ ವಿದ್ಯಾರ್ಥಿಯಿಲ್ಲ. ಆ ಉಪದೇಶದ ಮೊದಲ ಕ್ರಿಯಾಪದವೂ ಪ್ರೇರಣಾರ್ಥಕವೇ ಆಗಿದೆ. ತಾಯಿ ಮಗನಿಗೆ ಗುದ್ದಲಿಯನ್ನು ಹಿಡಿಯಲು ಹೇಳಲಿಲ್ಲ, ಹಿಡಿಸಲು ಹೇಳಿದಳು. ಇದನ್ನು ಉದಾಹರಿಸುವ ಅಧ್ಯಾಪಕರು ‘ಇಸು’ ಪ್ರತ್ಯಯದ ಮೇಲೆ ಒಂದು ಕ್ಷಣ ನಿಂತರೆ ಪ್ರಕೃತ ವಿಷಯದ ಅರ್ಧಭಾಗ ಅಲ್ಲಿಯೇ ಸ್ಪಷ್ಟವಾಗುವುದು.

ಕೇಶಿರಾಜನು ಪ್ರೇರಣಾರ್ಥದಲ್ಲಿ ಈ ಪ್ರತ್ಯಯವನ್ನು ವಿಧಿಸುವನು. ಪಾಣಿನೀಯರ ಮತದಲ್ಲಿ ಮಾಡಿಸುವವನಿಗೆ ಹೇತುವೆಂಬ ಸಂಜ್ಞೆಯುಂಟು, ಅದರ ಜೊತೆಗೆ ಕರ್ತೃವೆಂಬ ಸಂಜ್ಞೆಯೂ ಉಂಟು. ಹಾಗಾದರೆ ಮಾಡುವವನ ಗತಿಯೇನು? ಅವನು ಪ್ರಯೋಜ್ಯನು, ಗಮನಾರ್ಥಕ ಜ್ಞಾನಾರ್ಥಕಾದಿ ಕೆಲವು ಧಾತುಗಳನ್ನು ಬಿಟ್ಟರೆ ಉಳಿದೆಡೆಗಳಲ್ಲಿ ಅವನು ತೃತೀಯಾ ವಿಭಕ್ತಿಗೆ ಇಳಿಯುವನು. ಕನ್ನಡದಲ್ಲಿಯೂ ಹಾಗೆಯೇ: ದಂಡನಾಯಕನು ಒಡ್ಡರಿಂದ ಕೆರೆಯನ್ನು ಕಟ್ಟಿಸಿದನು. ವಾಕ್ಯವು ವ್ಯಾಕರಣಶುದ್ಧವಾಗಿ ನಿಲ್ಲಲು ಆ ತೃತೀಯಾಂತ ಪದವು ಬೇಕೇ ಬೇಕೆಂಬ ನಿಯಮವಿಲ್ಲ. ಕಲ್ಲಿನ ಮೇಲೆ ಎಡೆಯೂ ಕಿರಿದು. ಆದುದರಿಂದ ‘ಒಡ್ಡರಿಂದ’ ಎಂಬುದು ಬಿದ್ದುಹೋಯಿತು. ಉಳಿದುದು ದಂಡನಾಯಕನೂ ಕೆರೆಯೂ ಅವನ ಪುಣ್ಯವೂ. ಹೀಗೆ ಲೋಪವಾದ ವಿಭಕ್ತಿಯ ಸ್ಥಾನದಲ್ಲಿ ಈಚಿನ ವಿಮರ್ಶಕರು ‘ಊರವರು’ ಎಂಬ ಕರ್ತೃಪದವನ್ನು ತಂದು ಕೂರಿಸಿ, ಅದಕ್ಕೆ ‘ನಿಸ್ಸ್ವಾರ್ಥರು’ ಎಂಬ ವಿಶೇಷಣವನ್ನೂ ಹಚ್ಚಿರುವರು. ಅಧ್ಯಾಹಾರಕ್ಕೂ ಒಂದು ಮಿತಿಯಿರಬೇಡವೆ?

ಮರೆತ ತೃತೀಯೆಯನ್ನು ಮರೆಯದ ಶಾಸನವೂ ಇಲ್ಲದಿಲ್ಲ. ಕಡಪೆಯ ಸೀಮೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಈ ದೃಷ್ಟಿಯಿಂದ ಅಮೂಲ್ಯವಾದುದು. ದಿನವೊಂದಕ್ಕೆ 1000 ಮಂದಿ ಕೆಲಸಗಾರರೂ 100 ಬಂಡಿಗಳೂ 2 ವರ್ಷ ದುಡಿದರೆಂದು ಅದು ಲೆಕ್ಕ ಕೊಡುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಎಣಿಸುತ್ತದೆ. ಧರ್ಮಿಷ್ಠನೂ ಧನವಂತನೂ ಆದ ಒಡೆಯನೊಬ್ಬನಿದ್ದರೆ ಸಾಲದು. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನು ಬೇಕು, ಗಟ್ಟಿ ನೆಲ ಬೇಕು, ನೀಳವಾದ ಕಲ್ಲು ಸಿಗುವ ಗಣಿ ಬೇಕು, ಕೊನೆಯಲ್ಲಿ ಕಟ್ಟುವ ಕಲೆಯಲ್ಲಿ ಪಳಗಿದ ಜನರ ತಂಡ ಬೇಕು. ಒಡೆಯನ ಧರ್ಮಬುದ್ಧಿಯಿಂದ ಪಟ್ಟಿ ಮೊದಲಾಗಿ ಕುಶಲಿಗಳ ತಂಡದಲ್ಲಿ ಮುಗಿಯುತ್ತದೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇಡಬಹುದೆಂದು ಶಾಸನಕಾರನು ಎಲ್ಲಿಯೂ ಸೂಚಿಸಿಲ್ಲ.

ಕಟ್ಟಿದ ಮೇಲೆ ಕಾಪಾಡುವ ಭಾರವೂ ಕೇವಲ ಭಕ್ತಿಯ ಮೇಲೆ ನಿಂತಿರಲಿಲ್ಲವೆಂಬುದಕ್ಕೆ ಶಾಸನಗಳ ಪರಿಭಾಷೆಯೇ ಸಾಕ್ಷಿ. ಬಿತ್ತುವಟ್ಟ, ಕೆರೆಗೊಡಗೆ, ದಸವಂದ ಮೊದಲಾದ ಪದಗಳು ಕೆರೆಯನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿಯನ್ನೋ ಫಲಭಾಗವನ್ನೋ ಹೇಳುವುವು. ಹೂಳು ಹೊರುವ ಬಂಡಿಗೂ ಅದರ ಎತ್ತುಕೋಣಗಳಿಗೂ ಅದನ್ನು ಹೊಡೆವವನಿಗೂ ದತ್ತಿಯಿದ್ದಿತು. ತೂಬನ್ನು ತೆರೆದು ಮುಚ್ಚುವ ನೀರಗಂಟಿ ಪ್ರತಿ ಕಣದಿಂದಲೂ ತನ್ನ ಆಯವನ್ನು ಅಳೆಸಿಕೊಳ್ಳುತ್ತಿದ್ದನು. ಇವನನ್ನು ಏನೆಂದು ಕರೆಯಬೇಕು? ಊರಿನವನೇ, ಆದರೆ ಬಿಟ್ಟಿ ದುಡಿಯುವವನಲ್ಲ. ಪ್ರತಿಫಲ ಪಡೆಯುವವನೇ, ಆದರೆ ಪರಸ್ಥಳದವನಲ್ಲ. ಸ್ಥಳೀಯ ಸೇವಕ, ಸಂಬಳದ ಪರಕೀಯ ಎಂದು ಎರಡೇ ಪಂಗಡ ಮಾಡಿಕೊಂಡು ಹೊರಟ ಚರ್ಚೆಯಲ್ಲಿ ನೀರಗಂಟಿಗೆ ನಿಲ್ಲಲು ಎಡೆಯೇ ಇಲ್ಲ. ಕೆರೆಯ ನೀರು ನಿಂತದ್ದು ಮಾತ್ರ ಅವನಿಂದ.

ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಈಗಿನ ವಿಮರ್ಶಕರಿಗಿಂತ ಹೆಚ್ಚು ಲೋಕಜ್ಞರು. ಪಾನುಂಗಲ್ಲಿನ ಕದಂಬರು ಯಾರಿಗೆ ಅಧೀನರಾಗಿದ್ದರೋ ಆ ಚಾಲುಕ್ಯವಂಶದ ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವಿದೆ. ಊರವರು ಕೂಡಿ ಮಾಡಿಕೊಂಡ ಕಟ್ಟಳೆಯನ್ನು ಮೀರುವುದರ ವಿಚಾರ. ಇಂತಹ ಕಟ್ಟಳೆಗೆ ವ್ಯಾಖ್ಯಾನಕಾರನು ಕೊಡುವ ನಿದರ್ಶನಗಳು ದನಗಳ ಮೇವಿನ ವ್ಯವಸ್ಥೆ, ನೀರಿನ ರಕ್ಷಣೆ, ದೇವಾಲಯದ ಪಾಲನೆ. ಹಾನಗಲ್ಲಿನ ಒಕ್ಕಲಿಗನೊಬ್ಬನನ್ನು ಕೇಳಿ ಬರೆದಂತಿದೆ. ಸಮೂಹದ ಕಾರ್ಯವನ್ನು ಚಿಂತಿಸುವವರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕೆಂದು ಸ್ಮೃತಿ ವಿಧಿಸುತ್ತದೆ. ಸಮೂಹದ ದ್ರವ್ಯವನ್ನು ನುಂಗಿದವನಿಗೆ ಸರ್ವಸ್ವಹರಣವೂ ಗಡಿಪಾರೂ ದಂಡ. ಇಷ್ಟನ್ನು ಓದಿ ‘ನೋಡಿರಿ, ಊರಾಳಿಕೆಯ ಆದರ್ಶ’ ಎಂದು ಪುಸ್ತಕವನ್ನು ಮುಚ್ಚಿಬಿಡುವುದು ವಾಡಿಕೆ. ಪುಟವನ್ನು ಮಗುಚಿದ್ದರೆ ಅದರ ಬೆನ್ನಿಗೇ ಇರುವ ವೇತನಾದಾನ ಪ್ರಕರಣವು ಕಣ್ಣಿಗೆ ಬೀಳುತ್ತಿದ್ದಿತು. ವೇತನವನ್ನು ಪಡೆದು ಕೆಲಸವನ್ನು ಬಿಟ್ಟವನು ಇಮ್ಮಡಿ ತೆರಬೇಕು. ಹಾಗೆಯೇ ವೇತನವನ್ನು ಗೊತ್ತುಮಾಡದೆ ಕೆಲಸ ಮಾಡಿಸಿದ ಒಡೆಯನು ವಾಣಿಜ್ಯ, ಪಶು, ಸಸ್ಯಗಳಿಂದ ಬಂದ ಲಾಭದಲ್ಲಿ ಹತ್ತನೆಯ ಒಂದು ಪಾಲನ್ನು ಕೊಡಬೇಕು. ಇಲ್ಲಿಯೂ ಕ್ರಿಯಾಪದ ಪ್ರೇರಣಾರ್ಥಕವೇ! ಆದರೆ ಶಾಸನದ ಪ್ರೇರಣಾರ್ಥಕವು ಕೆಲಸಗಾರನನ್ನು ಮರೆಸಿದರೆ ಸ್ಮೃತಿಯ ಪ್ರೇರಣಾರ್ಥಕವು ಅವನ ಸಾಲವನ್ನು ನೆನಪಿಸುತ್ತದೆ. ‘ಗೊತ್ತುಮಾಡಿರಲಿಲ್ಲ, ಆದುದರಿಂದ ಅದು ಸೇವೆ’ ಎಂಬ ವಾದಕ್ಕೆ ವಿಜ್ಞಾನೇಶ್ವರನ ಮುಂದೆ ಅವಕಾಶವಿಲ್ಲ.

ಕೌಟಿಲ್ಯನು ಇನ್ನೂ ಖಂಡಿತವಾದಿ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದಂದಿನಿಂದ ಕನ್ನಡಿಗರಿಗೆ ಒಂದು ಬಗೆಯ ಮನೆಯ ಗ್ರಂಥವೇ ಆಗಿರುವ ಅರ್ಥಶಾಸ್ತ್ರದಲ್ಲಿ, ಹಲವರು ಕೂಡಿ ಕಟ್ಟೆ ಕಟ್ಟುವಾಗ ಹಿಂಜರಿದವನ ವಿಷಯ ಬರುತ್ತದೆ. ಅವನ ಆಳುಗಳೂ ಎತ್ತುಗಳೂ ಅವನಿಗೆ ಬದಲಾಗಿ ದುಡಿಯಬೇಕು, ವೆಚ್ಚದಲ್ಲಿ ಅವನು ಪಾಲನ್ನು ಕೊಡಬೇಕು, ಫಲದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ಊರೊಟ್ಟಿನ ಕೆಲಸವು ಇಚ್ಛಾಧೀನವೆಂದು ಈ ಗ್ರಂಥಕಾರನು ಒಂದು ಗಳಿಗೆಯೂ ನಂಬಲಿಲ್ಲ. ಇನ್ನೊಂದನ್ನೂ ಗಮನಿಸಬೇಕು. ಹಿಂಜರಿದವನು ಒಡೆಯ, ಅವನಿಗಾಗಿ ದುಡಿದವನು ಆಳು. ಏರಿಯ ಮೇಲೆ ಕಾಣುವ ‘ಊರವರ’ ಗುಂಪಿನಲ್ಲಿ ತನ್ನ ಇಚ್ಛೆಯಿಂದ ಬಂದವನು ಎಷ್ಟು, ಒಡೆಯನ ಇಚ್ಛೆಯಿಂದ ಬಂದವನು ಎಷ್ಟು ಎಂದು ದೂರದಿಂದ ನೋಡುವವನಿಗೆ ತಿಳಿಯದು. ಕನ್ನಡದಲ್ಲಿ ಇದಕ್ಕೆ ಬಿಟ್ಟಿಯೆಂಬ ಹೆಸರಿದೆ. ಸಂಸ್ಕೃತದ ವಿಷ್ಟಿಯೇ ಅದರ ಮೂಲ. ಬಿಟ್ಟಿಗೂ ಸೇವೆಗೂ ಹೊರಲಕ್ಷಣ ಒಂದೇ: ಎರಡರಲ್ಲಿಯೂ ಕೂಲಿಯಿಲ್ಲ. ವಿಮರ್ಶಕರ ಭ್ರಾಂತಿಗೆ ಮೂಲವಿರುವುದು ಇಲ್ಲಿಯೇ.

ಸಿದ್ಧರಾಮನ ಪ್ರಸಂಗಕ್ಕೆ ಬರೋಣವಾಗಲಿ. ಸೊನ್ನಲಿಗೆಯಲ್ಲಿ ಸಿದ್ಧರಾಮನು ಶಿಷ್ಯಗಣದೊಡನೆ ಕೆರೆಯನ್ನು ತೋಡಿಸುತ್ತಿದ್ದುದು ಕಾವ್ಯದಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಪ್ರಸಿದ್ಧ. ಅಲ್ಲಿಗೆ ಬಂದ ಅಲ್ಲಮಪ್ರಭು ‘ಒಡ್ಡ’ನೆಂದು ಸಿದ್ಧರಾಮನನ್ನು ಹೆಸರಿಸಿ ಕೇಳಿದನು, ಕೆರಳಿದ ಕೆಲಸಗಾರರು ಕಲ್ಲುಗಳನ್ನು ಎಸೆದರು. ಈ ಘಟ್ಟವನ್ನು ಕರ್ಮಕ್ಕೂ ಜ್ಞಾನಕ್ಕೂ ನಡೆದ ವಾದದ ಪೀಠಿಕೆಯೆಂದು ಎಲ್ಲರೂ ವ್ಯಾಖ್ಯಾನಿಸುವರು, ಅದು ಸರಿಯೇ. ಆದರೆ ಕಲ್ಲೆಸೆದವರ ಸಿಟ್ಟಿಗೆ ಕಾರಣವೇನೆಂದು ಕೇಳಿದವರು ಕಡಮೆ. ‘ಒಡ್ಡ’ ಎಂಬುದು ಬೈಗುಳಲ್ಲ. ಮಣ್ಣು ಅಗೆದು ಕಲ್ಲು ಕಡಿದು ಕೂಲಿ ಪಡೆವ ಕಸುಬಿನವನ ಹೆಸರು. ಪೊರುಮಾಮಿಳ್ಳದ ಶಾಸನವು ಕೆರೆಗೆ ಅವಶ್ಯವೆಂದು ಎಣಿಸಿದ ಕುಶಲಿಗಳ ಸಾಲಿಗೆ ಸೇರಿದವನು. ಅದೇ ಮಣ್ಣನ್ನು ಅದೇ ಗುದ್ದಲಿಯಿಂದ ಅಗೆಯುತ್ತಿದ್ದ ಶಿಷ್ಯರಿಗೆ ಆ ಹೆಸರು ಏಕೆ ಚುಚ್ಚಿತು? ತಾವು ಪುಣ್ಯಕ್ಕಾಗಿ ಅಗೆಯುವವರು, ಅವನು ಹೊಟ್ಟೆಗಾಗಿ ಅಗೆಯುವವನು ಎಂಬ ಅಂತರವನ್ನು ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಅಲ್ಲಮನ ಒಂದು ಪದವು ಆ ಏರಿಯನ್ನು ಒಡೆಯಿತು. ಸೇವಾಭಾವದ ಒಳಗೆ ಕೂಲಿಯವನ ಮೇಲಣ ತಾತ್ಸಾರವು ಅಡಗಿರಬಲ್ಲುದೆಂಬುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಸನ್ನಿವೇಶ ನಮ್ಮ ಸಾಹಿತ್ಯದಲ್ಲಿ ಬೇರೊಂದು ಇರುವಂತೆ ತೋರದು. ಇದನ್ನೇ ನಿರ್ವೇತನ ಸೇವೆಯ ಹಿರಿಮೆಗೆ ಪ್ರಮಾಣವಾಗಿ ಉದಾಹರಿಸುವವರನ್ನು ಕಂಡರೆ ಅಲ್ಲಮನು ಏನೆನ್ನುತ್ತಿದ್ದನೋ!

ಶರಣರ ಕಾಯಕತತ್ತ್ವವೂ ಕೂಲಿಯನ್ನು ತಿರಸ್ಕರಿಸಿದುದಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಹಿಂದಿರುಗಿಸಲು ಹೇಳಿದುದು ಹೆಚ್ಚಿನದನ್ನು ಮಾತ್ರ. ಅಂದಿನ ಅನ್ನಕ್ಕೆ ಬೇಕಾದುದನ್ನಲ್ಲ. ಪ್ರಶ್ನೆ ಪಡೆಯಬೇಕೋ ಬಾರದೋ ಎಂಬುದಾಗಿರಲಿಲ್ಲ, ಎಷ್ಟು ಎಂಬುದಾಗಿತ್ತು. ಈಚಿನ ಕಾಲದಲ್ಲಿ ಹಾನಗಲ್ಲಿನ ಹೆಸರನ್ನು ನಾಡಿಗೆಲ್ಲ ಕೇಳಿಸಿದ ಕುಮಾರಸ್ವಾಮಿಗಳ (1867–1930) ಉದಾಹರಣೆಯೂ ಇದಕ್ಕೆ ಹೊಂದುತ್ತದೆ. 1909ರಲ್ಲಿ ಅವರು ಸ್ಥಾಪಿಸಿದ ಶಿವಯೋಗಮಂದಿರವು ಭಕ್ತರ ಕಾಣಿಕೆಯಿಂದ ನಡೆದುದು ನಿಜ. ಆದರೆ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧಬಾಲಕನೊಬ್ಬನಲ್ಲಿ ಸಂಗೀತದ ಕಳೆಯನ್ನು ಕಂಡಾಗ ಅವರು ಅವನನ್ನು ಭಜನೆಯ ಮೇಳಕ್ಕೆ ಬಿಟ್ಟು ಸುಮ್ಮನಾಗಲಿಲ್ಲ. ಕರ್ನಾಟಕ ಸಂಗೀತವನ್ನೂ, ನೀಲಕಂಠ ಬುವಾ ಮಿರಜಕರರಂತಹ ಘನವಿದ್ವಾಂಸರಿಂದ ಹಿಂದೂಸ್ಥಾನೀ ಗಾಯನವನ್ನೂ ಶಾಸ್ತ್ರೋಕ್ತವಾಗಿ ಕಲಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅವರೂ, ಅವರ ಶಿಷ್ಯರೂ ಇದೇ ತಾಲ್ಲೂಕಿನವರೂ ಆದ ಪುಟ್ಟರಾಜ ಗವಾಯಿಗಳೂ (1914–2010) ಗದಗಿನಲ್ಲಿ ಅಂಧರಿಗೂ ಅನಾಥರಿಗೂ ವಿದ್ಯಾದಾನ ಮಾಡಿದರು; ಆ ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಟಿಕೀಟಿನ ಹಣ ದಾಸೋಹಕ್ಕೆ ಸಂದಿತು. ಆ ಹಣದಿಂದ ದಾಸೋಹವು ಕೆಟ್ಟಿತೆಂದು ಉತ್ತರಕರ್ನಾಟಕದಲ್ಲಿ ಹೇಳುವವರಿಲ್ಲ.

ಸದ್ಯದ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಆರಂಭವಾದ ಸಮುದಾಯಾಧಾರಿತ ಕೆರೆ ಯೋಜನೆಯು ಜಲಸಂವರ್ಧನ ಯೋಜನಾ ಸಂಘದ ಮೂಲಕ ನಡೆದು, ಪ್ರತಿ ಕೆರೆಗೂ ಬಳಕೆದಾರರ ಸಂಘವನ್ನು ಕಟ್ಟಿಸಿತು. ಊರವರು ವೆಚ್ಚದ ಒಂದಂಶವನ್ನು ಹಣವಾಗಿಯೋ ಶ್ರಮವಾಗಿಯೋ ಕೊಡಬೇಕೆಂಬುದು ಅದರ ನಿಯಮಗಳಲ್ಲೊಂದು. ಹಣವುಳ್ಳವನು ಹಣವನ್ನು ಕೊಡುವನು, ಇಲ್ಲದವನು ಮೈಯನ್ನು ಕೊಡುವನು. ಕೆರೆಯ ಕೆಳಗೆ ಗದ್ದೆಯಿರುವವನು ಯಾರು, ಏರಿಯ ಮೇಲೆ ಮಣ್ಣು ಹೊರುವವನು ಯಾರು ಎಂದು ನೋಡಿದರೆ ಕೌಟಿಲ್ಯನ ಒಡೆಯನೂ ಆಳೂ ಮತ್ತೆ ಎದುರಾಗುವರು. 2005ರ ಉದ್ಯೋಗ ಖಾತರಿ ಅಧಿನಿಯಮದ ಕೆಳಗೆ ಹೂಳೆತ್ತುವ ಕೆಲಸಕ್ಕೆ ಬಂದ ಅದೇ ಹಳ್ಳಿಯ ಹೆಣ್ಣುಮಗಳು ಗಂಡಾಳಿನಷ್ಟೇ ಕೂಲಿಯನ್ನು ಪಡೆದಳು. ಅವಳು ಊರಿನವಳೂ ಹೌದು, ವೇತನ ಪಡೆದವಳೂ ಹೌದು. ನೀರಗಂಟಿಯ ಪಂಗಡಕ್ಕೆ ಸೇರಿದವಳು. ಎಂಜಿನಿಯರನ ಅಳತೆಯಿಲ್ಲದೆ ತೂಬು ನಿಲ್ಲದು, ಊರವರ ಕಾವಲಿಲ್ಲದೆ ನೀರು ನಿಲ್ಲದು. ಇದನ್ನು ಇಬ್ಬರೂ ಬಲ್ಲರು. ಜಗಳವಿರುವುದು ಲೆಕ್ಕಪುಸ್ತಕವು ಯಾರ ಪೆಟ್ಟಿಗೆಯಲ್ಲಿರಬೇಕೆಂಬ ವಿಷಯದಲ್ಲಿ. ಅದಕ್ಕೆ ಸ್ಮೃತಿಕಾರನು ಹೇಳಿದ ಶುಚಿತ್ವವೂ ಅಲೋಭವೂ ಸಂಬಳದಿಂದ ಬರುವಂಥವೂ ಅಲ್ಲ, ಸಂಬಳವಿಲ್ಲದುದರಿಂದ ಬರುವಂಥವೂ ಅಲ್ಲ.

ಕಡೆಯದಾಗಿ ‘ಕೆರೆಗೆ ಹಾರ’. ನಿಸ್ಸ್ವಾರ್ಥ ಜನಸೇವೆಗೆ ಪರಮನಿದರ್ಶನವೆಂದು ಅಧ್ಯಾಪಕರು ತರಗತಿಗಳಲ್ಲಿ ವರ್ಣಿಸುವ ಕಥೆಯಿದು. ಮದಗದ ಕೆರೆಯ ಕೆಂಚಮ್ಮನ ಕಥೆಯೂ ಇದೇ ಜಾತಿಗೆ ಸೇರಿದುದು. ಆದರೆ ಕಾವ್ಯಗುಣದಲ್ಲಿ ಭಾಗೀರಥಿಯ ಹಾಡಿಗೆ ಸಮನಾದುದಿಲ್ಲ. ಊರಗೌಡ ಮಲ್ಲನಗೌಡನು ಕೆರೆಯನ್ನು ಕಟ್ಟಿಸುವನು. ಶಾಸನದ ಅದೇ ಪ್ರೇರಣಾರ್ಥಕ ಇಲ್ಲಿಯೂ. ನೀರು ಬರಲಿಲ್ಲ. ಜೋಯಿಸನು ಸೊಸೆಯೊಬ್ಬಳನ್ನು ಬಲಿಯಾಗಿ ಕೇಳುವನು. ಹಿರಿಯ ಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರಿಲ್ಲವೆಂದು ಬಿಡುವರು. ಲೆಕ್ಕವು ಇಳಿದಿಳಿದು ಕಿರಿಯ ಸೊಸೆ ಭಾಗೀರಥಿಯ ಮೇಲೆ ನಿಲ್ಲುವುದು. ಮನೆಯ ಆಡಳಿತಕ್ಕೆ ಯಾರು ಕಡಮೆ ಬೇಕಾದವಳೋ ಅವಳು ಊರ ಹಿತಕ್ಕೆ ಸಲ್ಲಬೇಕಾದವಳು. ಅವಳನ್ನು ಯಾರೂ ಕೇಳಲಿಲ್ಲವೆಂಬುದನ್ನು ಹಾಡುಗಾರ್ತಿಯು ಎಷ್ಟು ಎಚ್ಚರದಿಂದ ಕಾಪಾಡಿರುವಳು! ಅವಳು ತವರಿಗೆ ಹೋಗಿ ತಂದೆತಾಯಿಗಳ ಮುಂದೆ ನಿಜವನ್ನು ಹೇಳಲಾರದೆ ಬೇರೊಂದು ನೆವವನ್ನು ಹೇಳುವಳು. ಗೆಳತಿಯೊಬ್ಬಳಿಗೆ ಮಾತ್ರ ಹೇಳಿಕೊಳ್ಳುವಳು, ಗೆಳತಿಯಾದರೂ ಇಟ್ಟಂತೆ ಇರಬೇಕೆನ್ನುವಳು. ಪೂಜೆಯ ದಿನ ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಅವಳೇ ಹಿಂದಿರುಗಬೇಕು. ಮೆಟ್ಟಿಲು ಮೆಟ್ಟಿಲಾಗಿ ನೀರು ಏರುವುದು.

ಇದನ್ನು ತ್ಯಾಗವೆಂದು ಕರೆಯುವಾಗ ವಿಮರ್ಶಕರು ಮಾಡುವುದು ಮಲ್ಲನಗೌಡನು ಮಾಡಿದುದನ್ನೇ: ಪ್ರಯೋಜ್ಯೆಯನ್ನು ಕರ್ತೃವೆಂದು ಹೇಳಿ ಪ್ರಯೋಜಕನನ್ನು ಮರೆಸುವುದು. ಶಾಸನದಲ್ಲಿ ಕೆಲಸಗಾರನ ಹೆಸರು ಬಿದ್ದುಹೋಯಿತು. ಇಲ್ಲಿ ವ್ಯಾಖ್ಯಾನದಲ್ಲಿ ಗೌಡನ ಹೆಸರು ಬಿದ್ದುಹೋಗುತ್ತದೆ. ಹಾಡಿನ ಪದಗಳಾದರೋ ಹಾಗಿಲ್ಲ. ಅದರಲ್ಲಿ ತ್ಯಾಗವೇ ಇಲ್ಲವೆಂದಲ್ಲ. ಅದು ಭಾಗೀರಥಿಯ ಕಡೆಯಲ್ಲಿಲ್ಲ. ಅವಳ ಗಂಡ ಮಾದೇವರಾಯನು ದಂಡಿನಲ್ಲಿರುವವನು. ಆ ಮನೆಯಲ್ಲಿ ಅರಸನ ಅನ್ನವನ್ನು ತಿಂದು ಆಳಾಗಿ ದುಡಿಯುವವನು ಅವನೊಬ್ಬನೇ. ಊರ ಹಿತದ ಆಲೋಚನೆಯು ನಡೆದಾಗ ಅವನು ಅಲ್ಲಿರಲಿಲ್ಲ, ಜೋಯಿಸನು ಅವನ ಹೆಸರನ್ನು ಎತ್ತಲಿಲ್ಲ, ಕೆರೆಗೆ ಆಗಲೇ ನೀರು ತುಂಬಿದ್ದಿತು. ಕೆಟ್ಟ ಕನಸನ್ನು ಕಂಡು ಕುದುರೆಯೇರಿ ಬಂದ ಆ ಸಂಬಳದಾಳು, ಯಾರೂ ಹೇಳದೆ, ಯಾರೂ ಕೇಳದೆ, ಆ ನೀರಿಗೆ ಹಾರಿಕೊಂಡನು.